ಸೋಮವಾರ ಮೇಯದ ಆಡು

ಶಿವಪೂಜೆಯಲ್ಲಿ ಐವತ್ತು ವರ್ಷ, ಸಂಸ್ಕೃತ ಪಾಠದಲ್ಲಿ ಮೂವತ್ತೈದು ವರ್ಷ ಸವೆಸಿದವನಿಗೆ ಗಿಡ ಬೆಳೆಸುವುದನ್ನು ಯಾರೂ ಕಲಿಸಬೇಕಾಗಿಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ಆದ್ದರಿಂದ ಬೈಲಹೊಂಗಲದ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಪರಿಸರ ಸಂಘವೊಂದನ್ನು ಕಟ್ಟಿ, ನಿವೃತ್ತನಾದ ನನ್ನನ್ನು ಗೌರವಾಧ್ಯಕ್ಷನಾಗಲು ಕೇಳಿದಾಗ, ಲೋಕಕ್ಕೆ ಒಳ್ಳೆಯ ಕಾಲ ಬಂತೆಂದೇ ಭಾವಿಸಿದೆ. ಭೂಮಿ ಬಿಸಿಯಾಗುತ್ತಿದೆಯೆಂದು ಆ ಮಕ್ಕಳು ವಿವರಿಸಿದರು. ವೈಶಾಖದ ಮಧ್ಯಾಹ್ನ ಬೈಲಹೊಂಗಲದಲ್ಲಿ ಕುಳಿತವನಿಗೆ ಇದನ್ನು ತಿಳಿಸಲು ಸಂಘವೇ ಬೇಕೆ? ಆದರೂ ಒಪ್ಪಿದೆ. ಶಾಲು ಹೊದಿಸಿಬಿಟ್ಟಿದ್ದರು.

ಸಂಘದ ಕಾರ್ಯದರ್ಶಿ ಶಿವಲೀಲಾ, ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗಿ. ಮೈದಾನದ ಅಂಚಿಗೆ ನಲವತ್ತು ಸಸಿ ನೆಡಿಸಿದಳು. ಶ್ರಾವಣ ಮುಗಿದೊಡನೆ ವಿಶ್ವವಿದ್ಯಾಲಯದವರು ನೋಡಲು ಬರುವವರಿದ್ದರು. ಅಷ್ಟರವರೆಗೆ ಒಂದೂ ಸಾಯದಿದ್ದರೆ ಸುತ್ತಲಿನ ಕಾಲೇಜುಗಳಿಗೆಲ್ಲ ಇದೇ ಮಾದರಿಯಾಗುತ್ತದೆಂಬುದು ಅವಳ ಹಂಬಲ. ನನ್ನ ಪಾಲಿಗೆ ಬಂದದ್ದು ಬಿಲ್ವ. ಸೊಂಟದೆತ್ತರದ ಆ ಸಸಿಯ ಮುಂದೆ ಮುಕ್ಕಾಲು ಗಂಟೆ ಭಾಷಣ ಮಾಡಿ, ಎಲೆ ಕಿತ್ತವನು ಮಗುವಿನ ಬೆರಳು ಕಿತ್ತಂತೆ ಎಂದು ಘೋಷಿಸಿದೆ. ಚಪ್ಪಾಳೆ ಬಿದ್ದವು.

ಶ್ರಾವಣ ಬಂತು. ಪೇಟೆಯ ಬಿಲ್ವಪತ್ರೆಗಳು ಬಾಡಿರುತ್ತಿದ್ದವು. ಕಾಲೇಜಿನ ಮೈದಾನವೋ ನಮ್ಮ ಹಿತ್ತಲಿನ ಆಚೆಗೇ ಇತ್ತು. ನಾನು ನೆಟ್ಟ ಗಿಡ, ಶಿವನ ಎಲೆ. ಬೆಳಗಿನ ಪೂಜೆಗೆ ಒಂದೇ ಒಂದು ಪತ್ರೆಯನ್ನು ಪಡೆದರೆ ಅದು ಕೀಳುವುದು ಹೇಗಾದೀತು? ಅದು ಸ್ವೀಕಾರ! ಶಾಸ್ತ್ರವನ್ನಂತೂ ಎಳ್ಳಷ್ಟೂ ಮೀರಲಿಲ್ಲ. ಸೋಮವಾರ ಮತ್ತು ಅಷ್ಟಮಿಯಂದು ಬಿಲ್ವವನ್ನು ಕೀಳಬಾರದು; ಹೀಗಾಗಿ ಅವುಗಳ ಹಿಂದಿನ ದಿನವೇ ಎರಡು ಪತ್ರೆ ಸ್ವೀಕರಿಸುತ್ತಿದ್ದೆ.

ಹದಿನೈದು ದಿನಗಳಲ್ಲಿ ಗಿಡ ಬೋಳಾಗತೊಡಗಿತು. ಸಂಘದ ಸಭೆ ಸೇರಿತು. ಅಧ್ಯಕ್ಷತೆ ನನ್ನದೇ. ಕಾರಣವೇನಿರಬಹುದೆಂದು ಎಲ್ಲರೂ ನನ್ನನ್ನು ಕೇಳಿದಾಗ, ನನ್ನ ಬಾಯಿಂದ ಒಂದೇ ಶಬ್ದ ಹೊರಟಿತು: ಆಡು.

ಅಲ್ಲಿ ಸುತ್ತಮುತ್ತ ಇದ್ದದ್ದು ಒಂದೇ ಆಡು, ನಮ್ಮ ಪಕ್ಕದ ಮನೆಯ ಮಲ್ಲವ್ವನದು. ಅವಳ ಮನೆಯ ಚಹಾಕ್ಕೆ ಹಾಲು ಕೊಡುತ್ತಿದ್ದ ಸಾಧುಪ್ರಾಣಿ. ಮಲ್ಲವ್ವ ಅದನ್ನು ಗೂಟಕ್ಕೆ ಕಟ್ಟಿದಳು. ಹುಡುಗರು ಸಸಿಯ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದರು. ನೀರೆರೆಯುವ ನೆಪದಲ್ಲಿ ನಾನು ಒಂದು ಸಂದಿ ಬಿಡಿಸಿದೆ. ನನ್ನ ಕೈಯ ಅಳತೆಗೆ!

ಎಲೆ ಮಾತ್ರ ಕಡಿಮೆಯಾಗುತ್ತಲೇ ಹೋಯಿತು. ಕೊನೆಗೆ, ಬೀಡಾಡಿ ದನಗಳನ್ನು ಕೂಡುವ ಕೊಂಡವಾಡಕ್ಕೆ ಆಡನ್ನು ಒಪ್ಪಿಸಬೇಕೆಂಬ ಠರಾವು ಸಿದ್ಧವಾಗಿ ನನ್ನ ಸಹಿಗೆ ಬಂತು. ಪೆನ್ನು ತೆರೆದೆ. ಅಷ್ಟರಲ್ಲಿ ಮಲ್ಲವ್ವ ಸೆರಗು ಬಿಗಿದುಕೊಂಡು ಸಭೆಗೇ ಬಂದಳು.

"ಅಜ್ಜಾರ, ನನ್ನ ಆಡು ಗೂಟಕ್ಕ ಐತ್ರಿ. ಗೂಟಾ ಹೊತ್ಕೊಂಡು ಬಂದು ಮೇಯ್ತೈತೇನ್ರಿ?"

ಹಸಿದ ಪ್ರಾಣಿಗೆ ಅಸಾಧ್ಯವಾದದ್ದಿಲ್ಲ ಎಂದು ಗಂಭೀರವಾಗಿ ಅಪ್ಪಣೆ ಕೊಡಿಸಿದೆ. ಆಗ ಶಿವಲೀಲಾ ತನ್ನ ವಹಿ ತೆರೆದಳು. ಬೇಲಿ ಕಟ್ಟಿದ ದಿನದಿಂದ ಪ್ರತಿ ಸಂಜೆ ಎಲೆ ಎಣಿಸಿ ಬರೆದಿಟ್ಟಿದ್ದಳಂತೆ. ಈ ವಿಜ್ಞಾನದ ಮಕ್ಕಳಿಗೆ ಬೇರೆ ಕೆಲಸವಿಲ್ಲ.

"ಸರ್, ಈ ಆಡು ದಿನಾ ಒಂದ ಪತ್ರಿ ತಿಂತೈತ್ರಿ. ತೊಟ್ಟಿನ ಸಮೇತ, ಮೂರೂ ದಳಾ ಕೂಡೇ. ರವಿವಾರ ಎರಡು. ಸೋಮವಾರ ಮುಟ್ಟಂಗಿಲ್ಲ. ಅಷ್ಟಮಿಗೂ ಬಿಟ್ಟೈತಿ."

ಮಲ್ಲವ್ವ ನನ್ನ ಹಣೆಯ ವಿಭೂತಿಯನ್ನೇ ದಿಟ್ಟಿಸಿದಳು.

"ಭಾಳ ಮಡಿವಂತ ಆಡು ಬಿಡ್ರಿ," ಎಂದಳು.

ಮೂವತ್ತೈದು ವರ್ಷ ಕಲಿಸಿದ ಸಂಸ್ಕೃತವನ್ನು ಬದಿಗಿಟ್ಟು ಬಾಯಿ ತೆರೆದೆ. "ಆ ಆಡು ನಾನ ರೀ," ಎಂದು ಠರಾವನ್ನು ಹರಿದೆ.

ಮನೆಗೆ ಬಂದು ನನ್ನ ಹೆಂಡತಿ ಗಿರಿಜವ್ವನಿಗೆ ಎಲ್ಲವನ್ನೂ ನಿವೇದಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನಿನ್ನಿ ಪತ್ರಿ ತೊಳದು ಇವತ್ತೂ ಏರಸಬಹುದು ಅಂತ ಶಾಸ್ತ್ರದಾಗ ಐತಿ ಅಂತಿದ್ರಿ. ಹುಡುಗೂರಿಗೆ ನೀವ ಪಾಠಾ ಹೇಳಿದ್ದಲ್ಲರಿ ಅದು?"

ಹೌದು. ನಾನೇ. ಶ್ಲೋಕಸಮೇತ.

ವಿಶ್ವವಿದ್ಯಾಲಯದವರು ಬಂದಾಗ ಮೂವತ್ತೊಂಬತ್ತು ಸಸಿಗಳು ನಳನಳಿಸುತ್ತಿದ್ದವು. ನಲವತ್ತನೆಯದು ಏಳೇ ಪತ್ರೆಗಳೊಡನೆ ಜೀವ ಹಿಡಿದಿತ್ತು. ಶಿವಲೀಲಾಳ ಯೋಜನೆ ಗೆದ್ದಿತು. ಅವಳ ವರದಿಯಲ್ಲಿ ‘ಹಾನಿಗೆ ಕಾರಣ’ ಎಂಬಲ್ಲಿ ‘ಗೌರವಾಧ್ಯಕ್ಷರು’ ಎಂದೂ, ‘ಪರಿಹಾರ’ ಎಂಬಲ್ಲಿ ‘ಬೇಲಿಯ ಸಂದಿ ಕಿರಿದು ಮಾಡಲಾಗಿದೆ’ ಎಂದೂ ಇತ್ತು.

ಈಗ ನೀರೆರೆಯುವ ಕೆಲಸ ಮಲ್ಲವ್ವನದು. ಅವಳೊಂದಿಗೆ ಆಡೂ ಬರುತ್ತದೆ, ಹಗ್ಗವಿಲ್ಲದೆ. ನಾನೂ ದೂರದಿಂದ ಗಿಡಕ್ಕೆ ಕೈಮುಗಿಯಲು ಹೋಗುತ್ತೇನೆ. ಆಡನ್ನು ಯಾರೂ ಗಮನಿಸುವುದಿಲ್ಲ. ಎಲ್ಲರ ಕಣ್ಣೂ ನನ್ನ ಕೈಗಳ ಮೇಲೆ!