ಪೇಪರ್ ಅಂಗಡಿಯ ಷರತ್ತುಗಳು

ಫುಟ್‌ಪಾತ್ ಮೇಲೆ ಪರವಾನಗಿ ಪಡೆದು ಪೇಪರ್ ಮಾರುವವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ನಿಪ್ಪಾಣಿಯ ಬಸ್ ಸ್ಟಾಪಿನ ಪಕ್ಕ ನಾನು ಕೂತು ಇಪ್ಪತ್ತಾರು ವರ್ಷವಾಯಿತು. ಆಗ ಓದುವವರಿದ್ದರು, ಈಗ ನಿಯಮಗಳಿವೆ.

ಅಳತೆ

ಡಬ್ಬಾ ಅಂಗಡಿ ನಾಲ್ಕಡಿಗಿಂತ ಮುಂದೆ ಚಾಚಬಾರದು. ನಗರಸಭೆಯ ಇನ್ಸ್‌ಪೆಕ್ಟರ್ ಸಾಹೇಬರು ಟೇಪ್ ಹಿಡಿದರು. ಮುಚ್ಚಿದಾಗ ಸರಿಯಾಗಿ ನಾಲ್ಕಡಿ. ತೆರೆದರೆ ಹಲಗೆ ಮುಂದೆ ಬಂದು ಆರಡಿ.

“ತೆರದಾಗ ತಪ್ಪಾಗ್ತೈತಿ ನೋಡ್ರಿ.”

“ಮತ್ತ ಹೆಂಗ ಮಾಡ್ಲಿರಿ?”

ಅವರು ಟೇಪ್ ಸುತ್ತಿ ಜೇಬಿಗಿಟ್ಟರು. “ಮುಚ್ಚಿ ಮಾರ್ರಿ.”

ಓದುಗರು

ಆಗೆಲ್ಲ ಒಂದೇ ಪೇಪರನ್ನು ನಾಲ್ವರು ಹಾಳೆ ಹಾಳೆ ಹಂಚಿಕೊಂಡು ಓದುತ್ತಿದ್ದರು. ಕನ್ನಡದ್ದು ಮುಗಿದರೆ ಮರಾಠಿಯದು. ಕ್ರಿಕೆಟ್ ಪುಟಕ್ಕೆ ಜಗಳವೇ ಆಗುತ್ತಿತ್ತು. ಈಗ ಉಳಿದವರು ಒಬ್ಬರೇ, ನಿವೃತ್ತ ಮಾಸ್ತರು. ಕೊಳ್ಳುವುದಿಲ್ಲ, ನಿಂತು ಓದುತ್ತಾರೆ.

ಒಂದು ದಿನ ಬೇಸರದಲ್ಲಿ ಅಂದುಬಿಟ್ಟೆ: “ಸರ, ಅಂಗಡಿ ಮುಂದ ನಿಂತು ಓದಬಾರ್ದು ಅಂತ ನಿಯಮ ಐತ್ರಿ.”

ಮರುದಿನ ಎಂದಿನ ಹೊತ್ತಿಗೆ ಅವರು ಬರಲಿಲ್ಲ. ನಾಲಿಗೆ ಕಚ್ಚಿಕೊಂಡು ರಸ್ತೆಯನ್ನೇ ನೋಡುತ್ತ ಕೂತೆ. ಹತ್ತು ಗಂಟೆಗೆ ಬಂದರು, ಬಗಲಲ್ಲಿ ಮಡಚುವ ಕುರ್ಚಿ.

“ಕುಂತು ಓದಬಾರ್ದು ಅಂತೇನಿಲ್ಲಲ್ಲ?”

ತನಿಖೆ

ಈ ವರ್ಷ ಪರವಾನಗಿ ನವೀಕರಣಕ್ಕೆ ಹೊಸ ಷರತ್ತು ಬಂತು: ಅಂಗಡಿಗೆ ಗಿರಾಕಿ ಬರುವುದನ್ನು ಸಾಹೇಬರು ಕಣ್ಣಾರೆ ನೋಡಬೇಕು. ಇಲ್ಲವಾದರೆ ಜಾಗ ಬಿಡಬೇಕು. ಮಾಸ್ತರರಿಗೆ ಹೇಳಿದೆ.

“ಚಿಂತಿ ಬಿಡಪಾ. ಮಂದಿ ತರೂದು ನನ್ನ ಕೆಲಸ.”

ಸಾಹೇಬರು ಬರುವ ಹೊತ್ತಿಗೆ ಮಾಸ್ತರರು ಚಿಕ್ಕೋಡಿ ಬಸ್ಸಿಗೆ ಕಾಯುತ್ತಿದ್ದವರನ್ನೆಲ್ಲ ಕರೆತಂದು, ಕೈಗೊಂದೊಂದು ಪೇಪರ್ ಕೊಟ್ಟು ನಿಲ್ಲಿಸಿದ್ದರು. ಅಷ್ಟು ತಲೆಗಳನ್ನು ಒಟ್ಟಿಗೆ ನೋಡಿ ಅಂಗಿಯ ಕಾಲರ್ ಸರಿಮಾಡಿಕೊಂಡೆ. ಕಾರಣವಿಲ್ಲದೆ ಒಬ್ಬನಿಗೆ “ಸರದ ನಿಲ್ಲೋ” ಎಂದು ಗದರಿಸಿದೆ. ಎಷ್ಟು ವರ್ಷವಾಗಿತ್ತು ಆ ಮಾತಾಡಿ!

ಅಷ್ಟರಲ್ಲಿ ಬಸ್ ಬಂತು. ಎಲ್ಲರೂ ಒಮ್ಮೆಲೇ ನುಗ್ಗಿ, ಸೀಟು ಹಿಡಿಯಲು ಕೈಯಲ್ಲಿದ್ದ ಪೇಪರನ್ನೇ ಕಿಟಕಿಯೊಳಗೆ ಎಸೆದರು. ಆಗಷ್ಟೇ ಬಂದಿದ್ದ ಸಾಹೇಬರು ನೂಕಾಟದಲ್ಲಿ ವಿದ್ಯುತ್ ಕಂಬ ತಬ್ಬಿಕೊಂಡಿದ್ದರು. ಬಸ್ ಹೋಯಿತು, ನನ್ನ ಆ ದಿನದ ಪೇಪರುಗಳೂ ಚಿಕ್ಕೋಡಿಗೆ ಹೋದವು.

ವಾರದ ಮೇಲೆ ಸಾಹೇಬರೇ ಪರವಾನಗಿ ತಂದರು. ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿತ್ತು: ‘ಅಂಗಡಿಯ ಮುಂದೆ ಜನಸಂದಣಿ ಸೇರದಂತೆ ತಡೆಯತಕ್ಕದ್ದು.’

ಅದರ ಮೇಲೆ ಬೆರಳಿಟ್ಟು ಕೇಳಿದರು: “ಏನ್ರಿ, ಮಂದೀನ ತಡೀತೀರಿಲ್ಲೊ?”

“ತಡೀತೀನ್ರಿ ಸಾಹೇಬ್ರ. ಮೊದಲ ಬರ್ಲಿ.”