ಕೆಂದಳಿಲಿಗೂ ದನದ ಡಾಕ್ಟ್ರೇ

ನಾನು ದನದ ಡಾಕ್ಟರು. ಆದರೆ ಕಾಡಂಚಿನ ಮನೆಗಳಿಂದ ನನಗೆ ಕೆಂದಳಿಲಿನ ವಿಷಯಕ್ಕೂ ಫೋನು ಬರುತ್ತಲೇ ಇರುತ್ತದೆ. ಬೆಕ್ಕಿನಷ್ಟು ದೊಡ್ಡ, ಮರ ಬಿಟ್ಟು ಇಳಿಯದ ಆ ಪ್ರಾಣಿಯ ಬಗ್ಗೆ ನಾನು ಓದಿದ್ದು ಅರ್ಧ ಪುಟ.

ಬಾಲ

ಮಂಡೆಕೋಲಿನ ಕೃಷಿಕರೊಬ್ಬರು ಫೋನು ಮಾಡಿದರು. "ಡಾಕ್ಟ್ರೇ, ಹಟ್ಟಿ ಹಿಂದಿನ ಹಲಸಿನ ಮರದಲ್ಲಿ ಕರಿಚಿರತೆ! ಬಾಲ ನೇತಾಡ್ತಾ ಉಂಟು. ದನಗಳನ್ನು ಎಂತ ಮಾಡುದು?"

ಓಡಿದೆ. ಬಾಲವೇನೋ ಇತ್ತು. ಅದರ ಇನ್ನೊಂದು ತುದಿಯಲ್ಲಿ ಕೆಂದಳಿಲು ಕೂತು ಹಲಸು ತಿನ್ನುತ್ತಿತ್ತು. ಹೇಳಿದೆ. ಅವರ ಮುಖ ಬಾಡಿತು.

"ಮೆಲ್ಲ ಹೇಳಿ ಮಾರಾಯ್ರೆ! ಕಲ್ಲುಗುಂಡಿಯಿಂದ ನೆಂಟರು ಜೀಪು ಮಾಡಿಕೊಂಡು ನೋಡ್ಲಿಕ್ಕೆ ಬರ್ತಾ ಇದ್ದಾರೆ. ಅವರು ಬಂದು ಹೋಗುವವರೆಗೆ ಚಿರತೆಯೇ ಇರ್ಲಿ."

ಸ್ವರ

ಉಪ್ಪಿನಂಗಡಿ ಹತ್ತಿರದ ರಂಬುಟಾನ್ ಹಣ್ಣಿನ ತೋಟದವರು ಅಳಿಲು ಓಡಿಸಲು ಆಚೆಮನೆ ನಾಯಿಯ ಬೊಗಳು ರೆಕಾರ್ಡ್ ಮಾಡಿ, ಮರಕ್ಕೆ ಸ್ಪೀಕರು ಕಟ್ಟಿದರು. ಅಳಿಲು ಕದಲಲಿಲ್ಲ. ಅವರದ್ದೇ ನಾಯಿ ಸ್ಪೀಕರಿಗೆ ಉತ್ತರ ಕೊಟ್ಟು ಕೊಟ್ಟು ಗಂಟಲು ಕಳೆದುಕೊಂಡಿತು. ನನ್ನಲ್ಲಿಗೆ ತಂದರು.

"ಬೇಗ ಸ್ವರ ಬರುವ ಮದ್ದು ಕೊಡಿ ಡಾಕ್ಟ್ರೇ."

"ಪಾಪ, ಅಷ್ಟು ಬೇಜಾರಾಯ್ತಾ?"

"ಹಾಗಲ್ಲ. ಆಚೆಮನೆ ನಾಯಿಯ ಸ್ವರ ಅಳಿಲಿಗೆ ಗುರ್ತ ಆಗಿಬಿಟ್ಟಿದೆ. ಇನ್ನು ಇವನದ್ದು ರೆಕಾರ್ಡ್ ಮಾಡುವ ಅಂತ."

ತಾಯಿ

ಕಡಬದ ನಿವೃತ್ತ ಡ್ರಿಲ್ ಮಾಷ್ಟ್ರ ಮಗಳ ಮದುವೆ ಚೆಂದಕ್ಕೆ ಆಯಿತು. ಅವರ ಅಂಗಳಕ್ಕೆ ಬಿದ್ದ ಅಳಿಲುಮರಿಯೂ ತಾಯಿಯನ್ನು ಸೇರಿತು. ಆದರೆ ಹೆಣ್ಣು ನೋಡುವ ಶಾಸ್ತ್ರವೂ ಮರಿಯ ಕೆಲಸವೂ ಒಂದೇ ದಿನ ಗಂಟುಬಿದ್ದಿದ್ದವು.

ಗಾಳಿಗೆ ಗೂಡು ಕಳಚಿ ಮರಿ ಬಿದ್ದಿತ್ತು. ನಾನು ಹೋದಾಗ, ಊರನ್ನೇ ಹೆದರಿಸುತ್ತಿದ್ದ ಮಾಷ್ಟ್ರು ಅದನ್ನು ಹೆಗಲ ಬೈರಾಸಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದರು. "ಬದುಕ್ತದಾ ಡಾಕ್ಟ್ರೇ?"

"ಬುಟ್ಟಿಯಲ್ಲಿಟ್ಟು ಮರಕ್ಕೆ ಕಟ್ಟುವ. ಗಲಾಟೆ ಇಲ್ಲದಿದ್ರೆ ತಾಯಿ ಬಂದು ಒಯ್ತದೆ" ಅಂದೆ.

ಕಟ್ಟಿ, ಹಟ್ಟಿಯ ಮರೆಯಲ್ಲಿ ನಿಂತೆವು. ಅಷ್ಟರಲ್ಲಿ ಗೇಟಿಗೆ ಪುತ್ತೂರಿನಿಂದ ಹೆಣ್ಣು ನೋಡಲು ಬಂದವರ ಕಾರು! ಮಾಷ್ಟ್ರು ಬಗ್ಗಿಕೊಂಡು ಓಡಿ, ತುಟಿಗೆ ಬೆರಳಿಟ್ಟರು. "ಶ್! ಯಾರೂ ಇಳಿಬೇಡಿ. ಮೊದಲು ತಾಯಿ ಬರ್ಬೇಕು."

ಹುಡುಗಿಯ ತಾಯಿ ಬಂದು ಕರೆಯುವುದು ಮನೆಯ ಶಾಸ್ತ್ರವಿರಬೇಕೆಂದು ಅವರು ಗಾಜು ಏರಿಸಿ ಕೂತರು. ಸೆಕೆಗೆ ಹುಡುಗನ ಅಂಗಿ ಒದ್ದೆಯಾಯಿತು. ಕೊನೆಗೆ ಅವನ ಅಮ್ಮ ಗಾಜು ಇಳಿಸಿ ಪಿಸುಗುಟ್ಟಿದರು. "ತಾಯಿ ಎಲ್ಲಿಗೆ ಹೋದದ್ದು?"

ಮಾಷ್ಟ್ರು ಮೇಲೆ ತೋರಿಸಿದರು. "ಮರದ ತುದಿಯಲ್ಲಿ ಉಂಟು. ನಿಮ್ಮನ್ನು ಕಂಡು ಹೆದರಿ ಇಳಿತಾ ಇಲ್ಲ."

ಆಯಮ್ಮ ಒಮ್ಮೆ ಮರ ನೋಡಿದರು, ಒಮ್ಮೆ ಮಗನನ್ನು. ಆಮೇಲೆ ಕೈಮುಗಿದು ಅಂದರು:

"ಇಳೀಲಿಕ್ಕೆ ಹೇಳಿ ಮಾಷ್ಟ್ರೇ, ನಾವು ಅಷ್ಟು ಜೋರಿನವರಲ್ಲ."