ಕಂಪ್ಯೂಟರಿಗೆ ಬಂದ ಹಸುವಿನ ಕ್ಯಾನು

ಹಾವಿಗೋ ಚಿರತೆಗೋ ಹೆದರುವವರನ್ನು ಕಂಡು ಯಾರೂ ನಗುವುದಿಲ್ಲ. ನಾನು ಹೆದರುವುದು ಹೆಂಡತಿಯ ಕಂಪ್ಯೂಟರಿಗೆ. ಕಡೂರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿದರೆ ಈ ಮೇಷ್ಟ್ರ ಮರ್ಯಾದೆ ಉಳಿದೀತೇ, ನೀವೇ ಹೇಳಿ. ನನ್ನಾಕೆ ಗಿರಿಜ ಮನೆಯಲ್ಲೇ ಕೂತು ಮದುವೆ ವಿಡಿಯೊ ಎಡಿಟ್ ಮಾಡುತ್ತಾಳೆ. ಕಂಪ್ಯೂಟರ್ ನಿಧಾನವಾಯಿತೆಂದು ಅದರ ಪ್ರೊಸೆಸರನ್ನು ಕಂಪನಿಯವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸಲು ಕಲಿತಳು. ಈಗ ಅದೇ ಹುಚ್ಚು. ಜೋರಾಗಿ ಓಡಿದಷ್ಟೂ ಅದು ಕಾದು ಕೆಂಡವಾಗುತ್ತದೆ. ಅದನ್ನು ತಣ್ಣಗಿಡಲು ನನ್ನ ಟೇಬಲ್ ಫ್ಯಾನೂ ಅತ್ತ ಹೋಯಿತು. ಬೇಸಿಗೆಯೆಲ್ಲ ಬೆವರಿದವನು ನಾನು.

ಹೋದ ಭಾನುವಾರ ಅಜ್ಜಂಪುರದಿಂದ ಅವಳ ತಮ್ಮ ಲೋಕೇಶ ಬಂದ. ಊರೂರು ತಿರುಗಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಅವನ ಕೆಲಸ. ಹೋರಿಯ ವೀರ್ಯದ ಕಡ್ಡಿಗಳು ಕೆಡದಂತೆ ಐಸಿಗಿಂತ ಎಷ್ಟೋ ಪಟ್ಟು ತಣ್ಣಗಿನ ಲಿಕ್ವಿಡ್ ನೈಟ್ರೋಜನ್ ತುಂಬಿದ ಕ್ಯಾನನ್ನು ಬೈಕಿನಿಂದ ಇಳಿಸಿ ಒಳಗೆ ತಂದ.

"ಅಕ್ಕ, ಇವತ್ತು ಯಾರೂ ಫೋನ್ ಮಾಡಿಲ್ಲ. ಇದನ್ನ ಸುರಿದ್ರೆ ನಿನ್ನ ಕಂಪ್ಯೂಟರ್ ನಡುಗಬೇಕು, ಹಂಗಾಯ್ತದೆ!"

ನಡುಗಿದ್ದು ನಾನು. ಅದನ್ನು ಸುರಿದುಕೊಳ್ಳಲೆಂದು ದೇವರ ಮನೆಯ ತಾಮ್ರದ ಪಂಚಪಾತ್ರೆ ಆಗಲೇ ಪ್ರೊಸೆಸರ್ ಮೇಲೆ ಕೂತಿತ್ತು. ಕ್ಯಾನಿನ ಮುಚ್ಚಳ ತೆಗೆದೊಡನೆ ಬಿಳಿ ಹೊಗೆ ಬುಸ್ಸೆಂದಿತು. "ನಾನೇ ಸುರೀತೀನಿ ಕಣೋ" ಎಂದು ಗಿರಿಜ ಸೆರಗು ಸಿಕ್ಕಿಸಿ ನಿಂತಳು.

"ಬೆರಳಿಗೆ ತಾಕಿದ್ರೆ?" ಎಂದೆ.

"ಸುಟ್ಟಂಗೇ ಆಯ್ತದೆ ಭಾವ" ಎಂದ ಲೋಕೇಶ. ಹೆದರುವವನ ಮೇಲೆ ಕಪ್ಪೆ ಎಸೆಯುವುದೆಂದರೆ ಇದೇ. ಕಂಪ್ಯೂಟರ್ ಹಾಳಾಗಿ ಹೋಗಲಿ, ಅವಳ ಬೆರಳಿಗೇನಾದರೂ ಆದರೆ? "ಬೇಡ ಕಣೇ" ಎನ್ನುತ್ತ ಕ್ಯಾನಿಗೆ ಅಡ್ಡ ನಿಂತೆ; ಅವಳು ಮೊಣಕೈಯಿಂದಲೇ ನನ್ನನ್ನು ಬದಿಗೆ ಸರಿಸಿದಳು.

ಅಷ್ಟರಲ್ಲಿ ದೇವರ ಹಾಗೆ ಬಂದವನು ಪಕ್ಕದ ಮನೆಯ ಶಂಕ್ರಣ್ಣ, ಹಸುವನ್ನೂ ಹಿಡಿದುಕೊಂಡು. ನಮ್ಮಲ್ಲಿ ಆ ಕ್ಯಾನು ಯಾರ ಬಾಗಿಲಲ್ಲಿ ಇಳಿದರೂ ಜನ ತಿಳಿಯುವುದು ಒಂದೇ, ಹಸುವಿಗೆ ಕಡ್ಡಿ ಕೊಡುವವನು ಬಂದ ಅಂತ.

"ಕ್ಯಾನು ಕಂಡೇ ಬಂದೆ ಮೇಷ್ಟ್ರೇ. ನಮ್ಮ ಗೌರಿ ಬೆದೆಗೆ ಬಂದು ಬೆಳಗಿಂದ ಕೂಗ್ತಾ ಐತೆ. ನಾಳೆನೂ ಒಂದು ಕಡ್ಡಿ ಕೊಡಬೇಕಾದೀತು."

"ಗೋಮಾತೆ ಮೊದಲು!" ಎಂದು ಕೂಗಿದೆ. ಅಷ್ಟು ಭಕ್ತಿ ಎಲ್ಲಿಂದ ಬಂತೋ! ನಾಳೆಯ ಕಡ್ಡಿ ಕೆಡಬಾರದಲ್ಲ, ಲೋಕೇಶ ನೈಟ್ರೋಜನ್ ಚೆಲ್ಲದೆ ಒಂದು ಕಡ್ಡಿಯನ್ನಷ್ಟೇ ತೆಗೆದು ಮುಚ್ಚಳ ಹಾಕಿದ. "ಹಂಗಾದ್ರೆ ನೀವೇ ಬಾಲ ಹಿಡ್ಕಳಿ ಭಾವ" ಎಂದ.

ಹಿಡಿದೆ. ಗೌರಿ ಒದ್ದಳು.

ನನ್ನ ಮಂಡಿಗೆ ಐಸ್ ಒತ್ತುತ್ತ ಗಿರಿಜ, "ಕಂಪ್ಯೂಟರ್ ಆಗಿದ್ರೆ ಒದೀತಿತ್ತೇನ್ರೀ?" ಎಂದಳು. ಅವಳ ಬೆರಳುಗಳು ನೆಟ್ಟಗಿದ್ದವಲ್ಲ, ಆ ನೋವಿನಲ್ಲೂ ಹಾಯೆನಿಸಿತು. ಆದರೆ ಬರುವ ಭಾನುವಾರ ಲೋಕೇಶ ಮತ್ತೆ ಬರುತ್ತಾನಂತೆ, ಕ್ಯಾನು ಭರ್ತಿ ಮಾಡಿಕೊಂಡು. ಅದಕ್ಕೇ ಕುಂಟಿಕೊಂಡು ಮನೆಮನೆಗೂ ಹೋಗಿ ವಿಚಾರಿಸುತ್ತಿದ್ದೇನೆ: "ಭಾನುವಾರದ ಹೊತ್ತಿಗೆ ನಿಮ್ಮ ಹಸು ಬೆದೆಗೆ ಬರೋ ಹಂಗೈತಾ?" ಮರ್ಯಾದೆಯ ಮಾತು ಆಗಲೇ ಎತ್ತಿದ್ದೆನಲ್ಲ, ಅದನ್ನು ಬಿಟ್ಟುಬಿಡಿ.